ಮಧ್ಯಾಂಕ ಹೇಳುವುದೂ ಹೇಳದಿರುವುದೂ



ಮಧ್ಯಾಂಕ ಎಂದರೇನೆಂದು ನಾನು ಕಲಿತದ್ದು ಇದೇ ಶಾಲೆಯಲ್ಲಿ. ಇಂದು ಕಂಪ್ಯೂಟರಿನಲ್ಲಿ ಅಂಥ ಲೆಕ್ಕಗಳೇ ನನಗೆ ಅನ್ನ ಕೊಡುತ್ತಿವೆ. ಆ ಲೆಕ್ಕವನ್ನು ತಪ್ಪಾಗಿ ತಿಳಿದರೆ ಒಂದು ಜೀವದ ಚಿಕಿತ್ಸೆಯೇ ನಿಂತುಹೋಗಬಹುದು. ಅದಕ್ಕೇ ಈ ಸಂಭ್ರಮದ ದಿನವೂ ಒಂದು ಕಾಯಿಲೆಯ ಮಾತಾಡುತ್ತೇನೆ.

ಗರ್ಭಕೋಶದ ಒಳಪದರದ ಕ್ಯಾನ್ಸರ್ ಹೆಚ್ಚಾಗಿ ಮುಟ್ಟು ನಿಂತ ಹೆಂಗಸರಿಗೆ ಬರುತ್ತದೆ. ಗರ್ಭಕೋಶದೊಳಗಿರುವಾಗಲೇ ಗೊತ್ತಾದರೆ ಬಹುತೇಕರು ಗುಣವಾಗುತ್ತಾರೆ. ಅದು ಹೊರಗೆ ಹರಡಿ 3 ಅಥವಾ 4ನೇ ಹಂತ ತಲುಪಿದಾಗ ಮನೆಯವರು ಕೇಳುವುದು ಒಂದೇ ಪ್ರಶ್ನೆ: "ಇನ್ನೆಷ್ಟು ದಿನ, ಡಾಕ್ಟ್ರೇ?"

ಉತ್ತರವಾಗಿ ಬರುವ ತಿಂಗಳ ಲೆಕ್ಕ ಸಾಮಾನ್ಯವಾಗಿ ಮಧ್ಯಾಂಕ. ಅರ್ಧದಷ್ಟು ರೋಗಿಗಳು ಅದಕ್ಕಿಂತ ಹೆಚ್ಚು ಕಾಲ ಬದುಕಿದ್ದರು ಎಂಬುದೂ ಅದರೊಳಗೇ ಇದೆ. ಅದು ಗುಂಪಿನ ಲೆಕ್ಕ, ನಿಮ್ಮ ಅಮ್ಮನ ಹಣೆಬರಹವಲ್ಲ.

ಯಾವ ಗುಂಪು ಎಂಬುದೂ ಮುಖ್ಯ. 2013ರಲ್ಲಿ ವಿಜ್ಞಾನಿಗಳು ಇಂಥ 373 ಗಡ್ಡೆಗಳ ವಂಶವಾಹಿಗಳನ್ನು ಪರೀಕ್ಷಿಸಿ, ಇವು ನಾಲ್ಕು ಬಗೆಯವು ಎಂದು ತೋರಿಸಿದರು. ಒಂದು ಬಗೆಯ ಗಡ್ಡೆಯಲ್ಲಿ, ಡಿಎನ್‌ಎ ನಕಲಾಗುವಾಗ ಆಗುವ ತಪ್ಪುಗಳನ್ನು ತಿದ್ದುವ ಶಕ್ತಿಯೇ ಕೆಟ್ಟಿರುತ್ತದೆ. ವಿಚಿತ್ರವೆಂದರೆ, ದೇಹದ ರೋಗನಿರೋಧಕ ಶಕ್ತಿಯನ್ನು ಎಬ್ಬಿಸುವ ಇಮ್ಯುನೋಥೆರಪಿಗೆ ಈ ಗಡ್ಡೆಯೇ ಚೆನ್ನಾಗಿ ಬಗ್ಗುತ್ತದೆ. 2023ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಕೀಮೋ ಜೊತೆಗೆ ಪೆಂಬ್ರೊಲಿಜುಮ್ಯಾಬ್ ಪಡೆದ ಈ ಬಗೆಯ ರೋಗಿಗಳಲ್ಲಿ ಶೇಕಡಾ 74ರಷ್ಟು ಮಂದಿಗೆ ಒಂದು ವರ್ಷದ ನಂತರವೂ ಕಾಯಿಲೆ ಮುಂದುವರಿದಿರಲಿಲ್ಲ. ಬರೀ ಕೀಮೋ ಪಡೆದವರಲ್ಲಿ ಅದು ಶೇಕಡಾ 38. ತಿದ್ದುವ ಶಕ್ತಿ ಸರಿಯಿದ್ದವರಲ್ಲಿ ಲಾಭ ಕಡಿಮೆ: ಕಾಯಿಲೆ ಮುಂದುವರಿಯದ ಅವಧಿಯ ಮಧ್ಯಾಂಕ 8.7 ತಿಂಗಳಿಂದ 13.1 ತಿಂಗಳಿಗೆ ಏರಿತು.

ಹಂತ ಒಂದೇ ಆದರೂ ಭವಿಷ್ಯ ಬೇರೆ. ಆದ್ದರಿಂದ "ಎಷ್ಟು ದಿನ?" ಎನ್ನುವ ಮೊದಲು "ಎಂಎಂಆರ್, ಪಿ53 ಪರೀಕ್ಷೆ ಆಗಿದೆಯೇ?" ಎಂದು ಕೇಳಿ. ಬಯಾಪ್ಸಿಗೆ ತೆಗೆದ ತುಣುಕಿನಲ್ಲೇ ಸಾಮಾನ್ಯವಾಗಿ ಅವನ್ನು ಮಾಡಬಹುದು. ಔಷಧ ಬಹಳ ದುಬಾರಿ. ಹೊಲ ಅಡವಿಡುವ ಮುನ್ನ ಅದು ಎಷ್ಟು ಫಲ ಕೊಟ್ಟೀತು ಎಂದು ತಿಳಿಯಲು ಈ ಪರೀಕ್ಷೆ ಬೇಕು.

ತಾಯಂದಿರಲ್ಲಿ ಕೊನೆಯ ವಿನಂತಿ. ಮುಟ್ಟು ನಿಂತ ಮೇಲೆ ಒಂದು ಹನಿ ರಕ್ತ ಕಂಡರೂ ನಾಚಿಕೊಂಡು ಮುಚ್ಚಿಡಬೇಡಿ. ಹೆಚ್ಚಿನವರಲ್ಲಿ ಅದು ಕ್ಯಾನ್ಸರ್ ಆಗಿರುವುದಿಲ್ಲ. ಆಗಿದ್ದರೆ, ಬೇಗ ತೋರಿಸಿದವರಿಗೆ ಈ ಲೆಕ್ಕಗಳ ಗೊಡವೆಯೇ ಬಾರದಿರಬಹುದು.