ಆಲಿಕಲ್ಲು ಬಿದ್ದ ವರ್ಷಗಳು

(ಶಾಲೆಯ ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಾಫ್ಟ್‌ವೇರ್ ಕೆಲಸದಲ್ಲಿ ಇರುವ ಅವಕಾಶಗಳ ಬಗ್ಗೆ ಮಾತಾಡು ಎಂದು ಸಮಿತಿಯವರು ಹೇಳಿದ್ದರು. ಅದೆಲ್ಲ ಮಕ್ಕಳ ಕೈಯಲ್ಲಿರುವ ಮೊಬೈಲಿನಲ್ಲೇ ಸಿಗುತ್ತದೆ. ಮೊಬೈಲಿನಲ್ಲಿ ಸಿಗದ ಒಂದು ವಿಷಯ ನಮ್ಮೂರಿನಲ್ಲಿದೆ. ಮೇಷ್ಟ್ರ ಅಪ್ಪಣೆ ಪಡೆದು ಅದನ್ನೇ ಹೇಳುತ್ತೇನೆ. ವಿಷಯ ಆಲಿಕಲ್ಲು ಮಳೆ.

ಬೆಂಗಳೂರಿನಲ್ಲಿ ನನ್ನ ಜೊತೆ ಕೆಲಸ ಮಾಡುವವರಲ್ಲಿ ಹಿಮಾಚಲದ ಕಡೆಯವರೊಬ್ಬರು ಇದ್ದಾರೆ. ಚಳಿಗಾಲ ಮುಗಿದು ಹೂ ಬಿಡುವ ಹೊತ್ತಿಗೆ ಅವರ ಊರಿನಲ್ಲಿ ಒಮ್ಮೊಮ್ಮೆ ಇದ್ದಕ್ಕಿದ್ದಂತೆ ಹಿಮ ಬೀಳುತ್ತದಂತೆ. ಅದರ ಫೋಟೊ ತೋರಿಸಿ, ನಿಮ್ಮ ಕಡೆ ಹೀಗೆ ಆಗುತ್ತದಾ ಎಂದು ಕೇಳಿದರು. ಚಳ್ಳಕೆರೆ, ಮೊಳಕಾಲ್ಮೂರು ಅಂದರೆ ಬರಗಾಲದ ಸೀಮೆ, ವರ್ಷಕ್ಕೆ ಐನೂರು ಮಿಲಿಮೀಟರ್ ಮಳೆ ಆದರೆ ಹಬ್ಬ ಮಾಡುವವರು ಅಂತ ಅವರಿಗೂ ಗೊತ್ತು. ನಾನು ಹೇಳಿದೆ, ನಮ್ಮಲ್ಲಿ ಹಿಮ ಬೀಳೋದಿಲ್ಲ, ಕಲ್ಲು ಬೀಳುತ್ತೆ. ಅವರು ನಂಬಲಿಲ್ಲ. ಸಾಕ್ಷಿ ತೋರಿಸೋಣ ಎಂದು ಹುಡುಕಿದರೆ ನಮ್ಮ ಊರಿನದು ಒಂದೂ ಇಲ್ಲ.

ಆ ರಾತ್ರಿ ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ಕೇಳಿದೆ: ನಾವು ಓದುವಾಗ ಆಲಿಕಲ್ಲು ಬಿತ್ತಲ್ಲ, ಯಾವ ವರ್ಷ? ಬೆಳಗಾಗುವಷ್ಟರಲ್ಲಿ ನೂರಕ್ಕೂ ಹೆಚ್ಚು ಉತ್ತರ. ಒಬ್ಬ ಎಂಟನೇ ಕ್ಲಾಸ್ ಅಂದ, ಒಬ್ಬಳು ಹತ್ತನೇ ಕ್ಲಾಸಿನ ಪೂರ್ವಸಿದ್ಧತಾ ಪರೀಕ್ಷೆ ಅಂದಳು. ಗಾತ್ರದ ವಿಷಯವಂತೂ ಕೇಳಬೇಡಿ. ರಾತ್ರಿ ಹತ್ತಕ್ಕೆ ಅಡಿಕೆಯಷ್ಟಿದ್ದದ್ದು ಹನ್ನೊಂದಕ್ಕೆ ನಿಂಬೆಹಣ್ಣಾಯಿತು, ಹನ್ನೆರಡಕ್ಕೆ ತೆಂಗಿನಕಾಯಿಯ ಹತ್ತಿರ ಬಂತು.

ನನಗೆ ನೆನಪಿರುವುದು ಇಷ್ಟು. 2001ರಿಂದ 2003ರವರೆಗೆ ರಾಜ್ಯದಲ್ಲಿ ಸಾಲಾಗಿ ಮೂರು ವರ್ಷ ಬರ. ಆ ದಿನಗಳಲ್ಲೇ ಒಂದು ಮಧ್ಯಾಹ್ನ, ಒಂಬತ್ತನೇ ತರಗತಿಯ ವಿಜ್ಞಾನ ಪರೀಕ್ಷೆ. ಮೂರು ಗಂಟೆಯವರೆಗೆ ಬೆನ್ನು ಸುಡುವ ಬಿಸಿಲು. ಆಮೇಲೆ ನೈಋತ್ಯದ ಕಡೆ ಮುಗಿಲು ಕಪ್ಪಾಗಿ, ಅದರ ಅಂಚು ಒಂಥರಾ ಹಸಿರು ತಿರುಗಿತು. ಗಾಳಿ ಬಂತು, ಮಣ್ಣು ಬಂತು, ತಟ್ಟನೆ ನಿಂತಿತು. ತಗಡಿನ ಮೇಲೆ ಯಾರೋ ಒಂದು ಕಲ್ಲೆಸೆದ ಶಬ್ದ. ಕಿಟಕಿ ಪಕ್ಕದ ಮೇಷ್ಟ್ರು “ಯಾವನ್ಲಾ ಅವ್ನು?” ಎಂದು ಹೊರಗೆ ಬಗ್ಗಿದರು. ಎರಡನೆಯದು ಬಿತ್ತು, ಹತ್ತು ಬಿತ್ತು, ಆಮೇಲೆ ಯಾರ ಮಾತೂ ಯಾರಿಗೂ ಕೇಳಿಸಲಿಲ್ಲ. ಹತ್ತು ನಿಮಿಷ ಇರಬಹುದು. ನಿಂತ ಮೇಲೆ ಆಟದ ಬಯಲು ಪೂರ್ತಿ ಬೆಳ್ಳಗೆ, ಉಪ್ಪು ಸುರಿದ ಹಾಗೆ. ಉತ್ತರ ಪತ್ರಿಕೆ ಬಿಟ್ಟು ಎಲ್ಲರೂ ಓಡಿದೆವು. ಲಂಗದಲ್ಲಿ, ಟೋಪಿಯಲ್ಲಿ, ಜಾಮಿಟ್ರಿ ಬಾಕ್ಸಿನಲ್ಲಿ ತುಂಬಿಕೊಂಡೆವು. ಬರಗಾಲದ ಮಕ್ಕಳಿಗೆ ಬಾಯಲ್ಲಿ ಐಸು ಇಟ್ಟುಕೊಳ್ಳುವುದು ಅಂದರೆ ಏನು ಅಂತ ಇಲ್ಲಿರುವವರಿಗೆ ನಾನು ಹೇಳಬೇಕಾಗಿಲ್ಲ. ಒಂದು ಗಂಟೆಯಲ್ಲಿ ಬಯಲು ಮತ್ತೆ ಕೆಂಪು ಮಣ್ಣು.

ಮನೆಗೆ ಹೋದರೆ ಅಜ್ಜಿ ಒಂದು ಸೀಸೆಯಲ್ಲಿ ಆಲಿಕಲ್ಲಿನ ನೀರು ತುಂಬಿಸಿ ಗೂಡಿನಲ್ಲಿ ಇಟ್ಟಿದ್ದಳು. ಸುಟ್ಟ ಗಾಯಕ್ಕೆ ಒಳ್ಳೇದು ಅಂತ ಅವಳ ನಂಬಿಕೆ. ಯಾಕಜ್ಜಿ ಬೇಸಿಗೇಲಿ ಐಸು ಬೀಳುತ್ತೆ ಅಂತ ಕೇಳಿದ್ದಕ್ಕೆ, “ಬಿಸ್ಲು ಕುಡ್ದು ಕುಡ್ದು ಮುಗ್ಲು ಕಲ್ಲು ಕಾರ್ತೈತೆ ಕಣ್ಲಾ” ಅಂದಳು.

ಎಷ್ಟೋ ವರ್ಷ ಆದ ಮೇಲೆ ಓದಿ ನೋಡಿದರೆ, ಅಜ್ಜಿಯ ಮಾತು ಹೆಚ್ಚುಕಡಿಮೆ ಸರಿಯೇ. ಹಿಮಕ್ಕೆ ಚಳಿ ಬೇಕು, ಆಲಿಕಲ್ಲಿಗೆ ಸೆಖೆ ಬೇಕು. ಮಾರ್ಚ್‌ನಿಂದ ಮೇವರೆಗೆ ನಮ್ಮ ನೆಲ ಕಾದ ಹೆಂಚಿನ ಹಾಗಿರುತ್ತದೆ. ಆ ಬಿಸಿಗಾಳಿ, ಸಮುದ್ರದ ಕಡೆಯಿಂದ ಬಂದ ತೇವವನ್ನೂ ಎಳೆದುಕೊಂಡು ನೆಟ್ಟಗೆ ಮೇಲೇರುತ್ತದೆ. ನಾಲ್ಕೂವರೆ, ಐದು ಕಿಲೋಮೀಟರ್ ಮೇಲೆ ಹೋದರೆ, ಕೆಳಗೆ ಎಷ್ಟೇ ಬಿಸಿಲಿರಲಿ, ಅಲ್ಲಿ ಸೊನ್ನೆ ಡಿಗ್ರಿ. ಅದಕ್ಕೂ ಮೇಲೆ ನೀರಿನ ಹನಿಗಳು ಸೊನ್ನೆಗಿಂತ ತಣ್ಣಗಾದರೂ ಹೆಪ್ಪುಗಟ್ಟದೆ ನೀರಾಗಿಯೇ ತೇಲುತ್ತಿರುತ್ತವೆ. ಒಂದು ಮಂಜಿನ ಕಾಳು ಸಿಕ್ಕಿದರೆ ಸಾಕು, ಅದಕ್ಕೆ ಅಂಟಿದ ತಕ್ಷಣ ಗಟ್ಟಿಯಾಗುತ್ತವೆ. ಕೆಳಗಿನಿಂದ ಏರುವ ಗಾಳಿ ಆ ಕಾಳನ್ನು ಬೀಳಲು ಬಿಡದೆ ಎತ್ತಿ ಹಿಡಿಯುತ್ತದೆ; ಅದು ಬೆಳೆಯುತ್ತ ಹೋಗುತ್ತದೆ. ಗಾಳಿಗೆ ಭಾರ ತಡೆಯಲಾಗದ ದಿನ ಬೀಳುತ್ತದೆ. ದೊಡ್ಡ ಆಲಿಕಲ್ಲನ್ನು ಕೊಯ್ದು ನೋಡಿದರೆ ಈರುಳ್ಳಿಯ ಹಾಗೆ ಸುತ್ತು ಸುತ್ತು ಕಾಣುತ್ತದೆ, ಒಂದು ಸುತ್ತು ಗಾಜಿನಂತೆ, ಒಂದು ಸುತ್ತು ಹಾಲಿನಂತೆ. ನಿಂಬೆಹಣ್ಣಿನ ಗಾತ್ರದ್ದು ಗಂಟೆಗೆ ಸುಮಾರು 60 ಕಿಲೋಮೀಟರ್ ವೇಗದಲ್ಲಿ ನೆಲಕ್ಕೆ ಬರುತ್ತದೆ. ನಮ್ಮ ಹೆದ್ದಾರಿಯಲ್ಲಿ ಬಳ್ಳಾರಿ ಬಸ್ಸು ಬರುವ ವೇಗ.

“ಅಶ್ವಿನಿ ಸಸ್ಯನಾಶಿನಿ, ಭರಣಿ ಮಳೆ ಧರಣಿ ಬೆಳೆ” ಎಂಬ ಗಾದೆ ಹಿರಿಯರಿಗೆಲ್ಲ ಗೊತ್ತು. ಅಶ್ವಿನಿ ಮಳೆ ಹುಟ್ಟುವುದು ಏಪ್ರಿಲ್ ನಡುವಿನಲ್ಲಿ, ಭರಣಿ ಅದಾದ ಎರಡು ವಾರಕ್ಕೆ. ಎರಡೂ ಬೇಸಿಗೆ ಮಳೆಯೇ, ಒಂದು ಯಾಕೆ ಸಸ್ಯನಾಶಿನಿ? ನನ್ನ ಊಹೆ, ಆಲಿಕಲ್ಲಿನ ಅನುಭವವೂ ಆ ಮಾತಿನೊಳಗೆ ಇದೆ.

ಮಕ್ಕಳಿಗೆ ಅದು ಐಸು. ಉಳಿದವರಿಗೆ ಹಾಗಲ್ಲ. ಈ ಭಾಷಣಕ್ಕಾಗಿ ಊರಿನ ಒಬ್ಬ ಹಿರಿಯ ಕುರಿಗಾಹಿಯ ಜೊತೆ ಕೂತಿದ್ದೆ. ಅವರು ಹೇಳಿದ ಆಲಿಕಲ್ಲು ನಮ್ಮ ಶಾಲೆಯೇ ಇಲ್ಲದ ಕಾಲದ್ದು. ಬಯಲಲ್ಲಿ ಮರವಿಲ್ಲ, ಮನೆಯಿಲ್ಲ. ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ತಲೆ ಮೇಲೆ ಹಿಡಿದು ಕೂತರಂತೆ. ಕುರಿಗಳು ಒಂದರ ಹೊಟ್ಟೆ ಕೆಳಗೆ ಒಂದು ತಲೆ ತೂರಿಸಿ ಗುಂಪಾಗಿ ನಿಂತವು, ಉಣ್ಣೆ ಇದ್ದವು ತಡೆದವು. ಎಳೆ ಮರಿಗಳನ್ನು ಒಳಗೆ ಎಳೆದುಕೊಳ್ಳಲು ಆದದ್ದು ಎರಡನ್ನು ಮಾತ್ರ. ಎಷ್ಟು ಸತ್ತವು ಅಂತ ನಾನು ಕೇಳಿದೆ. ಅವರು ಲೆಕ್ಕ ಹೇಳಲಿಲ್ಲ, ಕೈ ಬೀಸಿದರು. 1888ರ ಏಪ್ರಿಲ್ 30ರಂದು ಉತ್ತರ ಪ್ರದೇಶದ ಮೊರಾದಾಬಾದ್ ಬಳಿ ಬಿದ್ದ ಆಲಿಕಲ್ಲಿಗೆ 246 ಜನ ಸತ್ತರು. ಜಗತ್ತಿನಲ್ಲಿ ಆಲಿಕಲ್ಲಿಗೆ ಅತಿ ಹೆಚ್ಚು ಜನ ಬಲಿಯಾದ ದಾಖಲೆ ಇವತ್ತಿಗೂ ಅದೇ. ಕುರಿ ಮೇಕೆಗಳು 1,600ಕ್ಕೂ ಹೆಚ್ಚು ಸತ್ತವು. ಅಲ್ಲಿ ಯಾರೋ ಕೂತು ಎಣಿಸಿದರು, ಆದ್ದರಿಂದ ನಮಗೆ ಗೊತ್ತು.

ಅದು ಯಾವ ವರ್ಷ ಯಜಮಾನ್ರೆ ಎಂದು ಕೇಳಿದೆ. “ನಾಯಕನಹಟ್ಟಿ ತೇರು ಎಳ್ದು ಎಂಟು ದಿನ ಆಗಿತ್ತು, ನಮ್ ದೊಡ್ಮಗ್ಳು ಹೊಟ್ಟೇಲಿದ್ಲು” ಅಂದರು. ತಿಪ್ಪೇರುದ್ರಸ್ವಾಮಿ ತೇರು ಫಾಲ್ಗುಣ ಮಾಸದ್ದು, ಅಲ್ಲಿಗೆ ತಿಂಗಳು ಸಿಕ್ಕಿತು. ವರ್ಷಕ್ಕೆ ಮಗಳ ವಯಸ್ಸು ಬೇಕು. ಆ ಅಕ್ಕ ನಮ್ಮದೇ ಶಾಲೆಯ ಮೊದಮೊದಲ ಬ್ಯಾಚಿನವರು. ದಾಖಲಾತಿ ಪುಸ್ತಕ ತೆಗೆಸಿ ನೋಡಿದರೆ ಜನ್ಮದಿನ ಜೂನ್ 1! ಸಭೆಯಲ್ಲಿ ಇಷ್ಟು ಜನ ಯಾಕೆ ನಗುತ್ತಿದ್ದೀರಿ ಅಂತ ಗೊತ್ತು. ನಮ್ಮ ಅರ್ಧ ಊರು ಹುಟ್ಟಿದ್ದೇ ಜೂನ್ 1ರಂದು. ಶಾಲೆಗೆ ಸೇರಿಸಿದ ಮೇಷ್ಟ್ರು ಹಾಕಿದ ದಿನ ಅದು.

ನಮ್ಮ ಪಕ್ಕದ ಹಿರಿಯೂರಿನ ಮಾರಿಕಣಿವೆಯನ್ನು ತೆಗೆದುಕೊಳ್ಳಿ. 2022ರ ಸೆಪ್ಟೆಂಬರ್‌ನಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿದ್ದಾಗ ಜಿಲ್ಲೆಗೆ ಜಿಲ್ಲೆಯೇ ಹೋಗಿ ನೋಡಿತು. 1933ರ ನಂತರ, 89 ವರ್ಷಕ್ಕೆ ಮೊದಲ ಸಲ ಎಂದು ಎಲ್ಲರೂ ಹೇಳಿದೆವು. ಹೇಳಲು ಆದದ್ದು ಹೇಗೆ? ಅಣೆಕಟ್ಟೆಯಲ್ಲಿ ಅಡಿ ಗುರುತು ಇದೆ, ಅದನ್ನು ನೋಡಿ ಬರೆದಿಡುವವರು ಇದ್ದರು. ಇನ್ನೂ ಹಿಂದೆ ಹೋಗುವುದಾದರೆ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಅಶೋಕನ ಶಾಸನಗಳು. ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಳೆಯವು. ರಾಜ ಹೇಳಿದ್ದನ್ನು ಬಂಡೆಗೆ ಬರೆದವನು ಕೊನೆಯಲ್ಲಿ ತನ್ನ ಹೆಸರನ್ನೂ ಹಾಕಿದ್ದಾನೆ, ಚಪಡ ಅಂತ. ನಾವು ಪ್ರವಾಸ ಹೋದಾಗ ಮೇಷ್ಟ್ರು ಅದನ್ನು ಹೇಳಿದ್ದು ನನಗೆ ಇನ್ನೂ ನೆನಪಿದೆ. ಆ ಲಿಪಿಕಾರನ ಹೆಸರು ಗೊತ್ತಿರುವ ನಮಗೆ, ನಮ್ಮಪ್ಪನ ಕಾಲದಲ್ಲಿ ಬೆಳೆ ಹೊಡೆದ ಆಲಿಕಲ್ಲಿನ ದಿನ ಗೊತ್ತಿಲ್ಲ.

ಈಗ ಯಂತ್ರಗಳಿವೆಯಲ್ಲ ಅನ್ನಬಹುದು. ಇವೆ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕ ಇರುವ ರಾಜ್ಯ ನಮ್ಮದು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಅದನ್ನು ನಡೆಸುತ್ತಾರೆ, ಒಳ್ಳೆಯ ಕೆಲಸ. ಆದರೆ ನನ್ನ ಕಸುಬೇ ಇಂಥ ಲೆಕ್ಕದ್ದು, ಆದ್ದರಿಂದ ಹೇಳುತ್ತೇನೆ, ಯಂತ್ರಕ್ಕೆ ಕೇಳಿದ್ದಕ್ಕೆ ಮಾತ್ರ ಅದು ಉತ್ತರ ಕೊಡುತ್ತದೆ. ಮಳೆಮಾಪಕ ಕೇಳುವುದು ಎಷ್ಟು ಮಿಲಿಮೀಟರ್ ನೀರು ಎಂದು. ಆಲಿಕಲ್ಲು ಅದರ ಆಲಿಕೆಗೆ ಬಡಿದು ಹೊರಗೆ ಪುಟಿಯುತ್ತದೆ, ಇಲ್ಲವೇ ಒಳಗೆ ಕೂತು ನಿಧಾನಕ್ಕೆ ಕರಗಿ ನೀರಿನ ಲೆಕ್ಕಕ್ಕೆ ಸೇರುತ್ತದೆ. ಕಲ್ಲು ಬಿತ್ತು ಎಂದು ಅದರ ಪುಸ್ತಕದಲ್ಲಿ ಬರುವುದೇ ಇಲ್ಲ. ಅದೂ ಅಲ್ಲದೆ ಆಲಿಕಲ್ಲು ಬೀಳುವುದು ಪಟ್ಟೆಯಾಗಿ, ಕೆಲವೇ ಕಿಲೋಮೀಟರ್ ಅಗಲ. ಈ ಊರಿನ ಬಾಳೆ ಚಿಂದಿಯಾದರೆ ಪಕ್ಕದ ಊರಿನಲ್ಲಿ ಒಣಹಾಕಿದ ಹುಣಿಸೆಹಣ್ಣು ಕೂಡ ನೆನೆದಿರುವುದಿಲ್ಲ. ಮಾಪಕ ಆ ಪಕ್ಕದ ಊರಿನಲ್ಲಿದ್ದರೆ ಮುಗಿಯಿತು.

ಇದು ಬರೀ ನೆನಪಿನ ಪ್ರಶ್ನೆ ಆಗಿದ್ದರೆ ನಾನು ನಿಮ್ಮ ಊಟದ ಹೊತ್ತು ತಿನ್ನುತ್ತಿರಲಿಲ್ಲ. ನಮ್ಮ ಚಿಕ್ಕಪ್ಪ ಬೋರ್‌ವೆಲ್ ನೀರಿನಲ್ಲಿ ಎರಡು ಎಕರೆ ಬೇಸಿಗೆ ಶೇಂಗಾ ಹಾಕಿದ್ದರು, ವಿಮೆಯನ್ನೂ ಕಟ್ಟಿದ್ದರು. ಹೂ ಬಿಟ್ಟ ಹೊತ್ತಿಗೆ ಒಂದು ಸಂಜೆ ಆಲಿಕಲ್ಲು. ಬೆಳಿಗ್ಗೆ ನೋಡಿದರೆ ಕಲ್ಲಿಲ್ಲ, ಎಲೆ ಮಾತ್ರ ಜರಡಿ. ಫಸಲ್ ಬಿಮಾ ಯೋಜನೆಯಲ್ಲಿ ಆಲಿಕಲ್ಲು ಸ್ಥಳೀಯ ವಿಕೋಪದ ಪಟ್ಟಿಯಲ್ಲಿದೆ. ಅಂದರೆ ಇಡೀ ಹೋಬಳಿಯ ಸರಾಸರಿ ನೋಡುವುದಲ್ಲ, ಆ ರೈತನ ಹೊಲವನ್ನೇ ನೋಡಿ ನಷ್ಟ ಲೆಕ್ಕ ಹಾಕಬೇಕು. ಆದರೆ 72 ಗಂಟೆಯೊಳಗೆ ತಿಳಿಸಬೇಕು. ಚಿಕ್ಕಪ್ಪನಿಗೆ ಆ 72 ಗಂಟೆಯ ವಿಷಯ ಯಾರೂ ಹೇಳಿರಲಿಲ್ಲ. ಅವರು ಹೋಗಿದ್ದು ಐದನೇ ದಿನ. ಹೋದ ಕಡೆ ಕೇಳಿದ್ದು, ಆಲಿಕಲ್ಲು ಬಿದ್ದದ್ದಕ್ಕೆ ಏನು ಆಧಾರ, ಆ ದಿನ ಇಲ್ಲಿ ಮಳೆಯೇ ಹೆಚ್ಚು ದಾಖಲಾಗಿಲ್ಲವಲ್ಲ. ಚಿಕ್ಕಪ್ಪ ಎಲೆ ತೋರಿಸಿದರು. ಹುಳ ತಿಂದದ್ದೂ ಹೀಗೇ ಇರುತ್ತದೆ ಅಂದರು. ಆ ವರ್ಷ ಒಂದು ರೂಪಾಯಿ ಬರಲಿಲ್ಲ. ಕೇಳಿದವರ ಮೇಲೆ ನನಗೆ ಕೋಪವಿಲ್ಲ. ಅವರ ಮುಂದಿದ್ದ ಕಾಗದದಲ್ಲಿ ಆಲಿಕಲ್ಲು ಇರಲಿಲ್ಲ. ನಮ್ಮ ಕೈಯಲ್ಲಿ ಕಾಗದವೇ ಇರಲಿಲ್ಲ.

ಆದ್ದರಿಂದ ಹಳೆಯ ವಿದ್ಯಾರ್ಥಿಗಳ ಪರವಾಗಿ ಶಾಲೆಗೆ ಎರಡು ವಸ್ತು ತಂದಿದ್ದೇನೆ. ಕಂಪ್ಯೂಟರ್ ಕೊಡುತ್ತೇನೆ ಎಂದುಕೊಂಡಿದ್ದವರು ಕ್ಷಮಿಸಿ, ಅದನ್ನು ನಮ್ಮ ಬ್ಯಾಚಿನವರು ಬೇರೆ ಕೊಡುತ್ತಿದ್ದಾರೆ. ಒಂದು, ಗಟ್ಟಿ ರಟ್ಟಿನ ದಪ್ಪ ಲೆಡ್ಜರ್ ಪುಸ್ತಕ. ಇನ್ನೊಂದು, ಒಂದು ಅಡಿ ಸ್ಕೇಲು. ಆಲಿಕಲ್ಲು ಬಿದ್ದ ದಿನ, ಯಾವ ಊರಿನ ಮಗುವಾದರೂ ಸರಿ, ಸ್ಕೇಲಿನ ಪಕ್ಕ ಕಲ್ಲಿಟ್ಟು ಮನೆಯ ಮೊಬೈಲಿನಲ್ಲಿ ಫೋಟೊ ತೆಗೆಯಲಿ. ಬಿದ್ದ ಗಂಟೆ, ನಿಂತ ಗಂಟೆ, ಗಾಳಿ ಯಾವ ದಿಕ್ಕಿನದು, ಯಾವ ಸರ್ವೆ ನಂಬರಿನಿಂದ ಯಾವ ಸರ್ವೆ ನಂಬರಿನವರೆಗೆ ಬೆಳೆ ಹೋಯಿತು, ಇಷ್ಟು ಬರೆಯಲಿ. ಬರೆದವರ ಹೆಸರು ಕೆಳಗಿರಲಿ, ಚಪಡನ ಹಾಗೆ. ರಜೆಯಲ್ಲಿ ಬಿದ್ದರೆ ಜೂನ್‌ನಲ್ಲಿ ಬರೆಯೋಣ ಎಂದು ಬಿಡಬೇಡಿ, ಬೇಸಿಗೆ ಆಲಿಕಲ್ಲು ಹೆಚ್ಚಾಗಿ ರಜೆಯಲ್ಲೇ ಬೀಳುತ್ತದೆ. ಪುಸ್ತಕ ಯಾರ ಮನೆಯಲ್ಲಿರಬೇಕು ಎಂದು ಮುಖ್ಯೋಪಾಧ್ಯಾಯರು ರಜೆಗೆ ಮುಂಚೆ ತೀರ್ಮಾನಿಸುತ್ತೇನೆ ಎಂದಿದ್ದಾರೆ. 72 ಗಂಟೆಯ ವಿಷಯವನ್ನು ಪುಸ್ತಕದ ರಟ್ಟಿನ ಮೇಲೆ ಕೆಂಪು ಶಾಯಿಯಲ್ಲಿ ನಾನೇ ಬರೆದಿದ್ದೇನೆ.

ಮೊದಲ ಹತ್ತು ಪುಟ ಖಾಲಿ ಬಿಟ್ಟಿದ್ದೇವೆ. ಅದು ಹಿಂದಿನ ಆಲಿಕಲ್ಲುಗಳಿಗೆ. ಹತ್ತನೇ ತರಗತಿಯ ಇಬ್ಬರು ಹುಡುಗಿಯರು ಪೆನ್ನು ಹಿಡಿದು ಆ ಹುಣಿಸೆಮರದ ಕೆಳಗೆ ಮೇಜು ಹಾಕಿಕೊಂಡು ಕೂತಿದ್ದಾರೆ, ನೋಡಿ. ಊಟಕ್ಕೆ ಹೋಗುವ ಮುಂಚೆ ಅರವತ್ತು ದಾಟಿದವರೆಲ್ಲ ಒಂದು ನಿಮಿಷ ಅಲ್ಲಿ ನಿಂತು, ನಿಮಗೆ ನೆನಪಿರುವುದನ್ನು ಹೇಳಿ ಹೋಗಿ. ಇಸವಿ ಗೊತ್ತಿಲ್ಲದಿದ್ದರೆ ಚಿಂತೆಯಿಲ್ಲ. ಯಾವ ತೇರು ಆದ ಮೇಲೆ, ಯಾರ ಮದುವೆಯ ವರ್ಷ, ಯಾವ ಎತ್ತು ಸತ್ತ ಬೇಸಿಗೆ, ಅಷ್ಟು ಹೇಳಿದರೆ ಸಾಕು, ಮಿಕ್ಕಿದ್ದನ್ನು ನಾವು ಲೆಕ್ಕ ಹಾಕಿಕೊಳ್ಳುತ್ತೇವೆ. ಗಾತ್ರ ಹೇಳುವಾಗ ಮಾತ್ರ ತೆಂಗಿನಕಾಯಿ ಅನ್ನಬೇಡಿ.