ಮುಡಿಯ ಆರೈಕೆ

(ಸಂಘದ ವಾರ್ಷಿಕೋತ್ಸವದ ಮಹಿಳಾ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಕಾವ್ಯ ವ್ಯಾಕರಣಗಳನ್ನು ಪಾಠ ಹೇಳುವವನು ತಲೆಗೂದಲಿನ ವಿಚಾರವಾಗಿ ಮಾತನಾಡಲು ನಿಂತುದನ್ನು ಕಂಡು ತಮ್ಮಲ್ಲಿ ಕೆಲವರು ಮುಗುಳ್ನಗುತ್ತಿರಬಹುದು. ಆದರೆ ಈ ವಿಷಯವು ಸಾಹಿತ್ಯಕ್ಕೆ ಹೊರಗಿನದೇನೂ ಅಲ್ಲ. ರನ್ನನ ಗದಾಯುದ್ಧದಲ್ಲಿ ಭೀಮನ ಪ್ರತಿಜ್ಞೆಯು ಪೂರ್ಣವಾಗುವುದು ದ್ರೌಪದಿಯ ಬಿಚ್ಚಿದ ಮುಡಿಯನ್ನು ಕಟ್ಟಿದ ಮೇಲೆಯೇ. ಮುಡಿ, ತುರುಬು, ಹೆರಳು, ಜಡೆ, ಕುರುಳು, ಬೈತಲೆ ಎಂದು ನಮ್ಮ ನುಡಿಯಲ್ಲಿ ಎಷ್ಟೊಂದು ಮಾತುಗಳಿವೆ! ಅವುಗಳ ಜೊತೆಗೆ ‘ಸೀರಣಿಗೆ’ ಎಂಬ ಇನ್ನೊಂದು ಮಾತನ್ನೂ ನೆನೆಯಬೇಕು. ಸೀರನ್ನು ತೆಗೆಯುವ ಹಣಿಗೆಯೇ ಸೀರಣಿಗೆ. ಈ ದಿನ ನಾನು ಹೇಳಬೇಕೆಂದಿರುವುದು ಹೆಚ್ಚಾಗಿ ಈ ಬಡ ಉಪಕರಣದ ಪರವಾಗಿಯೇ ಎಂದು ಮೊದಲೇ ಅರಿಕೆ ಮಾಡಿಕೊಳ್ಳುತ್ತೇನೆ.

ಮೊದಲು ಕೂದಲಿನ ಸ್ವಭಾವವನ್ನು ತಿಳಿಯೋಣ. ನಮ್ಮ ತಲೆಯ ಮೇಲೆ ಸುಮಾರು 1 ಲಕ್ಷ ಕೂದಲುಗಳಿರುತ್ತವೆ. ಅವು ತಿಂಗಳಿಗೆ ಸುಮಾರು 1 ಸೆಂಟಿಮೀಟರಿನಷ್ಟು ಬೆಳೆಯುತ್ತವೆ. ಕಣ್ಣಿಗೆ ಕಾಣುವ ಕೂದಲಿನಲ್ಲಿ ಜೀವವಿಲ್ಲ. ಜೀವವಿರುವುದು ಚರ್ಮದೊಳಗಿನ ಬುಡದಲ್ಲಿ. ಆದುದರಿಂದ ಯಾವ ಎಣ್ಣೆಯೂ ಕೂದಲಿಗೆ ಅನ್ನವನ್ನು ಉಣಿಸಲಾರದು. ಬುಡಕ್ಕೆ ಅನ್ನವು ಬರುವುದು ರಕ್ತದಿಂದ; ರಕ್ತಕ್ಕೆ ಬರುವುದು ತಟ್ಟೆಯಿಂದ. ಬೇಳೆ, ಕಾಳು, ಸೊಪ್ಪು, ಹಾಲು, ಮೊಟ್ಟೆಗಳನ್ನು ಮಕ್ಕಳಿಗೆ ಕೊಡದೆ ಬಣ್ಣದ ಸೀಸೆಗೆ ಹಣ ಸುರಿದರೆ ಸೀಸೆ ಮಾರುವವನ ಸಂಸಾರವಷ್ಟೇ ಬೆಳೆದೀತು.

ಹಾಗಾದರೆ ಎಣ್ಣೆ ನಿಷ್ಪ್ರಯೋಜಕವೇ? ಅಲ್ಲ. ಅದು ಕೂದಲನ್ನು ಬೆಳೆಸದಿದ್ದರೂ ಕಾಪಾಡುತ್ತದೆ. ತೆಂಗಿನೆಣ್ಣೆ, ಸೂರ್ಯಕಾಂತಿಯ ಎಣ್ಣೆ, ಖನಿಜ ತೈಲ, ಈ ಮೂರನ್ನೂ ಹೋಲಿಸಿ ನೋಡಿದ ಒಂದು ಪ್ರಯೋಗವು 2003ರಲ್ಲಿ ಪ್ರಕಟವಾಯಿತು. ತೊಳೆಯುವಾಗ ಕೂದಲಿನಿಂದ ಸೋರಿಹೋಗುವ ಸಾರವನ್ನು ಕಡಿಮೆ ಮಾಡಿದುದು ತೆಂಗಿನೆಣ್ಣೆ ಒಂದೇ ಎಂದು ಅದರಲ್ಲಿ ಕಂಡುಬಂದಿತು. ಅದು ಕೂದಲಿನ ಒಳಕ್ಕೆ ಇಳಿಯಬಲ್ಲುದು. ಆದುದರಿಂದ ತಲೆ ಎರೆದುಕೊಳ್ಳುವ ಮೊದಲು ಎಣ್ಣೆ ಹಚ್ಚುವ ನಮ್ಮ ಅಜ್ಜಿಯರ ಪದ್ಧತಿಯು ಯುಕ್ತವಾದುದೇ ಆಗಿದೆ. ಆದರೆ ತಲೆಯಲ್ಲಿ ಹೊಟ್ಟು ಇದ್ದವರು ಬುಡಕ್ಕೆ ಎಣ್ಣೆ ಸುರಿದು ದಿನಗಟ್ಟಲೆ ಬಿಡಬಾರದು. ಹೊಟ್ಟಿಗೆ ಸಂಬಂಧಪಟ್ಟ ಸೂಕ್ಷ್ಮ ಶಿಲೀಂಧ್ರವು ಜಿಡ್ಡನ್ನೇ ಉಂಡು ಬೆಳೆಯುವಂಥದು.

ಇನ್ನು ನೀರಿನ ಮಾತು. ಅಕ್ಕಲಕೋಟೆ, ಜತ್ತಗಳ ಕಡೆಯ ನಮ್ಮ ಹಳ್ಳಿಗಳಲ್ಲಿ ಅನೇಕ ಬಾವಿಗಳ ನೀರು ಗಡಸು. ಬೇಳೆ ಬೇಗ ಬೇಯದು, ಸಾಬೂನು ನೊರೆಯಾಗದು. ನೀರಿನಲ್ಲಿರುವ ಸುಣ್ಣದಂಶವು ಸಾಬೂನಿನೊಡನೆ ಕೂಡಿ ಬಿಳಿಯ ಜಿಗುಟಾಗಿ ಕೂದಲಿಗೆ ಅಂಟಿಕೊಳ್ಳುತ್ತದೆ. ಕೂದಲು ಸಿಕ್ಕುಗಟ್ಟಿ, ಬಾಚುವಾಗ ಹರಿಯುತ್ತದೆ. ಸೀಗೆಕಾಯಿ, ಅಂಟುವಾಳಗಳ ನೊರೆಗೆ ಈ ದೋಷವಿಲ್ಲ. ಬೀಜ ತೆಗೆದ ಆರೇಳು ಸೀಗೆಕಾಯಿ, ಎರಡು ಅಂಟುವಾಳ, ಒಂದು ಚಮಚ ಮೆಂತ್ಯ, ಇವನ್ನು ರಾತ್ರಿ ನೆನೆಯಿಟ್ಟು, ಬೆಳಿಗ್ಗೆ ಕುದಿಸಿ, ತೆಳುವಾದ ಬಟ್ಟೆಯಲ್ಲಿ ಸೋಸಿಕೊಂಡರೆ ಒಂದು ತಲೆಗೆ ಸಾಕು. ಕಣ್ಣಿಗೆ ತಗಲದಂತೆ ಮಾತ್ರ ಎಚ್ಚರವಿರಲಿ. ಶಾಂಪೂವಿನ ಮೇಲೆ ನನಗೇನೂ ದ್ವೇಷವಿಲ್ಲ. ಗಡಸು ನೀರಿನಲ್ಲಿ ಅದು ಸಾಬೂನಿಗಿಂತ ಮೇಲು. ಆ ಮಾತು ಕೂಡ ನಮ್ಮ ದೇಶದಿಂದಲೇ ಹೋದುದು; ಒತ್ತು, ತಿಕ್ಕು ಎಂಬರ್ಥದ ಹಿಂದಿಯ ‘ಚಾಂಪೋ’ ಎಂಬುದು ಇಂಗ್ಲಿಷಿನವರ ಬಾಯಲ್ಲಿ ಹಾಗಾಯಿತು. ಯಾವುದನ್ನು ಬಳಸಿದರೂ ಉಗುರಿನಿಂದ ಕೆರೆಯದೆ ಬೆರಳ ತುದಿಯಿಂದ ತಿಕ್ಕಿರಿ. ಒದ್ದೆಗೂದಲನ್ನು ಒರಟಾಗಿ ಎಳೆಯದಿರಿ. ಸಿಕ್ಕನ್ನು ತುದಿಯಿಂದ ಬಿಡಿಸುತ್ತ ಬುಡದ ಕಡೆಗೆ ಹೋಗಿರಿ. ಹೆರಳನ್ನು ಹಣೆಯ ಚರ್ಮವು ಸೆಳೆಯುವಷ್ಟು ಬಿಗಿಯಾಗಿ ಹೆಣೆದರೆ ವರ್ಷಗಳು ಕಳೆದಂತೆ ಹಣೆಯಂಚಿನ ಕೂದಲು ಶಾಶ್ವತವಾಗಿ ಹೋಗಬಹುದು.

ಇನ್ನು ಸೀರಣಿಗೆಯ ಕಡೆಗೆ ಬರುತ್ತೇನೆ. ತಲೆಯಲ್ಲಿ ಹೇನು ಕಂಡ ಮಾತ್ರಕ್ಕೆ ಹುಡುಗಿಯೊಬ್ಬಳನ್ನು ಜೊತೆಯವರು ದೂರ ಕೂರಿಸುವುದನ್ನೂ, ಆಕೆ ನಾಚಿ ಶಾಲೆಗೆ ಬಾರದೆ ಉಳಿಯುವುದನ್ನೂ, ಉದ್ದನೆಯ ಜಡೆಯನ್ನು ಮನೆಯವರು ಕೋಪದಿಂದ ಕತ್ತರಿಸಿಬಿಡುವುದನ್ನೂ ಅಧ್ಯಾಪಕನಾದ ನಾನು ಕಂಡಿದ್ದೇನೆ. ಇದು ಅನ್ಯಾಯ. ಹೇನು ಕೊಳಕಿನ ಗುರುತಲ್ಲ. ತೊಳೆದ ತಲೆಯಲ್ಲಿಯೂ ಅದು ಬದುಕುತ್ತದೆ. ಅದಕ್ಕೆ ಹಾರಲು ರೆಕ್ಕೆಯಿಲ್ಲ, ನೆಗೆಯಲು ಬಲವಿಲ್ಲ. ತಲೆಗೆ ತಲೆ ತಾಗಿದಾಗ ಹರಿದುಹೋಗುತ್ತದೆ, ಅಷ್ಟೆ. ತಲೆಗೆ ತಲೆ ತಾಗಿಸಿ ಒಂದೇ ಪುಸ್ತಕವನ್ನು ಓದುವ ಗೆಳತಿಯರಿಗೆ ಅದು ಬರುವುದು ಸಹಜವೇ.

ಪರಿಹಾರವು ಸುಲಭ, ಆದರೆ ತಾಳ್ಮೆ ಬೇಕು. ಕೂದಲಿಗೆ ಎಣ್ಣೆ ಹಚ್ಚಿ, ಭಾಗ ಭಾಗವಾಗಿ ಬಿಡಿಸಿ, ಸೀರಣಿಗೆಯನ್ನು ಬುಡದಿಂದ ತುದಿಯವರೆಗೆ ಎಳೆದು, ಪ್ರತಿಸಲವೂ ಬಿಳಿಯ ಬಟ್ಟೆಯ ಮೇಲೆ ಒರಸಿ ನೋಡಬೇಕು. ಸೀರು ಒಡೆಯಲು 7ರಿಂದ 10 ದಿನಗಳು ಹಿಡಿಯುವುದರಿಂದ ಒಂದು ದಿನದ ಕೆಲಸದಿಂದ ಪ್ರಯೋಜನವಿಲ್ಲ. 3–4 ದಿನಗಳಿಗೊಮ್ಮೆ, ಎರಡು ವಾರಗಳಾದರೂ, ಹೀಗೆ ಮಾಡಬೇಕು. ಮನೆಯ ಎಲ್ಲರ ತಲೆಯನ್ನೂ ಅದೇ ದಿನ ನೋಡಬೇಕು. ಇದರಿಂದ ಹೋಗದಿದ್ದರೆ ವೈದ್ಯರನ್ನು ಕೇಳಿ ಔಷಧವನ್ನು ತನ್ನಿರಿ. ಕೈಮುಗಿದು ಬೇಡಿಕೊಳ್ಳುತ್ತೇನೆ: ಸೀಮೆಎಣ್ಣೆಯನ್ನಾಗಲಿ, ಬೆಳೆಗೆ ಹೊಡೆಯುವ ಕೀಟನಾಶಕವನ್ನಾಗಲಿ ಮಕ್ಕಳ ತಲೆಗೆ ಎಂದೂ ಹಚ್ಚದಿರಿ. ಮೊದಲನೆಯದು ಚರ್ಮವನ್ನು ಸುಡುತ್ತದೆ. ಒಲೆಯ ಮುಂದೆ ಕುಳಿತರೆ ಮಗುವನ್ನೇ ಸುಟ್ಟೀತು. ಎರಡನೆಯದು ಚರ್ಮದ ಮೂಲಕ ಮೈಗೇರುವ ವಿಷ. ಹೇನಿನಿಂದ ಯಾರೂ ಸಾಯುವುದಿಲ್ಲ, ಈ ಮದ್ದುಗಳಿಂದ ಪ್ರಾಣವೇ ಹೋಗಬಹುದು.

ಮಗುವಿನ ತಲೆಯನ್ನು ವಾರಕ್ಕೊಮ್ಮೆ ತೊಡೆಯ ಮೇಲಿಟ್ಟುಕೊಂಡು ಬಾಚುವ ಕೈ ಇನ್ನೂ ಅನೇಕ ಸಂಗತಿಗಳನ್ನು ಅರಿಯುತ್ತದೆ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಹೆರಿಗೆಯಾದ ಕೆಲವು ತಿಂಗಳಿಗೆ, ಅಥವಾ ದೊಡ್ಡ ಜ್ವರ ಬಂದುಹೋದ ಎರಡು ಮೂರು ತಿಂಗಳಿಗೆ, ಹಣಿಗೆಯ ತುಂಬ ಕೂದಲು ಬರುವುದುಂಟು. ಅದು ಬಹುಮಟ್ಟಿಗೆ ತಾನಾಗಿಯೇ ಸರಿಹೋಗುತ್ತದೆ. ಆದರೆ ಕಾರಣವಿಲ್ಲದೆ ಕೂದಲು ಉದುರುತ್ತ, ಮಗಳು ಬಿಳಿಚಿಕೊಂಡು, ಮೆಟ್ಟಿಲೇರಿದರೆ ಏದುಸಿರು ಬಿಡುತ್ತಿದ್ದರೆ ಅದು ರಕ್ತಹೀನತೆಯಾಗಿರಬಹುದು. ನೆತ್ತಿಯ ಮೇಲೆ ದುಂಡಗೆ ಕೂದಲು ಹೋಗಿ ಹುರುಪೆಯೆದ್ದರೆ ಅದು ಹುಳುಕಡ್ಡಿಯಾಗಿರಬಹುದು. ಇದಕ್ಕೆ ಬರಿಯ ಮುಲಾಮು ಸಾಲದು, ವೈದ್ಯರು ಕೊಡುವ ಗುಳಿಗೆಯೇ ಬೇಕು. ಇವನ್ನೆಲ್ಲ ಆಸ್ಪತ್ರೆಗಿಂತ ಮೊದಲು ಕಂಡುಹಿಡಿಯುವುದು ತಲೆ ಬಾಚುವ ಕೈ. ಆ ಕೈ ತಾಯಿಯದೇ ಆಗಬೇಕೆಂಬ ನಿಯಮವಿಲ್ಲ. ಹೊಲದ ಕೆಲಸದಿಂದ ದಣಿದು ಬಂದ ತಾಯಿಯ ಬದಲಿಗೆ ತಂದೆಯೂ ಅಣ್ಣನೂ ಹಣಿಗೆ ಹಿಡಿದರೆ ಗೌರವಕ್ಕೆ ಕುಂದು ಬಾರದು. ಮುಡಿ ಕಟ್ಟಿದ ಭೀಮನಿಗೆ ಯಾವ ಕುಂದು ಬಂದಿತು?

ಭಾನುವಾರದ ಒಂದು ಗಳಿಗೆಯನ್ನು ಮನೆಯ ಮಕ್ಕಳ ತಲೆಗೆಂದು ಎತ್ತಿಡಿರಿ. ಹಣಿಗೆ ಆಡುತ್ತಿರುವಾಗ ಮಗುವಿನ ಬಾಯಿ ತಾನಾಗಿ ಬಿಚ್ಚುತ್ತದೆ. ಶಾಲೆಯ ಸುಖದುಃಖಗಳು ಆಗ ಹೊರಗೆ ಬರುತ್ತವೆ. ಹೇನಿನ ಹೆಸರಿನಲ್ಲಿ ಒಬ್ಬ ಹುಡುಗಿಯೂ ನಮ್ಮ ಶಾಲೆಗಳ ಬಾಗಿಲಿನಿಂದ ಹಿಂದಿರುಗದಿರಲಿ ಎಂದು ಹಾರೈಸುತ್ತೇನೆ.