ರಿಪೋರ್ಟ್ ನಾರ್ಮಲ್ ಇದ್ದರೂ ಮರೆವು ಯಾಕೆ?

ಮಿದುಳಿನ ರಕ್ತನಾಳ ಒಡೆದು, ಆಪರೇಷನ್ ಆಗಿ, ಬದುಕಿ ಮನೆಗೆ ಬಂದವರ ಬಗ್ಗೆ ಇವತ್ತು ಮಾತಾಡೋಣ. ಅವರ ಕೈಕಾಲು ಚೆನ್ನಾಗಿ ಆಡುತ್ತವೆ, ಮಾತೂ ಸ್ಪಷ್ಟ. ಆದರೆ ಒಲೆ ಮೇಲೆ ಹಾಲಿಟ್ಟದ್ದು ಮರೆತುಹೋಗುತ್ತೆ. ಇಬ್ಬರು ಒಟ್ಟಿಗೆ ಮಾತಾಡಿದರೆ ಏನೂ ಹತ್ತಲ್ಲ. ಮಧ್ಯಾಹ್ನಕ್ಕೇ ಸುಸ್ತು. ಮನೆಯವರು ಕೇಳ್ತಾರೆ: "ರಿಪೋರ್ಟ್ ನಾರ್ಮಲ್ ಇದೆಯಲ್ಲ, ಇನ್ನೇನು?"

ಅನ್ಯೂರಿಸಂ ಅಂದ್ರೆ ರಕ್ತನಾಳದ ಗೋಡೆ ಒಂದು ಕಡೆ ತೆಳುವಾಗಿ, ಸೈಕಲ್ ಟ್ಯೂಬಿನ ಹಾಗೆ ಉಬ್ಬಿಕೊಳ್ಳೋದು. ಅದು ಒಡೆದಾಗ ರಕ್ತ ಹೆಚ್ಚಾಗಿ ಒಂದೇ ಜಾಗದಲ್ಲಿ ನಿಲ್ಲಲ್ಲ. ಮಿದುಳಿನ ಸುತ್ತ ಇರುವ ದ್ರವಕ್ಕೆ ಸೇರಿ ಹರಡುತ್ತೆ. ತಲೆಬುರುಡೆಯೊಳಗೆ ಒತ್ತಡ ಏರಿ, ಇಡೀ ಮಿದುಳಿಗೆ ರಕ್ತ ಕಡಿಮೆಯಾಗಬಹುದು. ಕಥೆ ಅಲ್ಲಿಗೇ ಮುಗಿಯಲ್ಲ. ಸುಮಾರು 4ರಿಂದ 14ನೇ ದಿನದ ನಡುವೆ ಬೇರೆ ರಕ್ತನಾಳಗಳು ಬಿಗಿದುಕೊಂಡು ಅಲ್ಲಲ್ಲಿ ಹೊಸ ಪೆಟ್ಟು ಬೀಳಬಹುದು. ಅದಕ್ಕೇ ಡಾಕ್ಟರು ನಿಮೋಡಿಪಿನ್ ಅನ್ನೋ ಔಷಧಿಯನ್ನ ಸಾಮಾನ್ಯವಾಗಿ 21 ದಿನ ಕೊಡ್ತಾರೆ.

ಈಗ ಸ್ಕ್ಯಾನ್ ವಿಷಯ. ಸಿಟಿ ಸ್ಕ್ಯಾನ್ ಬೇಗ ಆಗುತ್ತೆ. ಹೊಸ ರಕ್ತಸ್ರಾವ, ತುಂಬಿಕೊಂಡ ನೀರು, ದೊಡ್ಡ ಪೆಟ್ಟು, ಇವನ್ನು ಚೆನ್ನಾಗಿ ತೋರಿಸುತ್ತೆ. ಎಂಆರ್‌ಐ ಇನ್ನೂ ಸೂಕ್ಷ್ಮ. ಸಣ್ಣ ಸಣ್ಣ ಪೆಟ್ಟುಗಳು, ಹಳೆಯ ರಕ್ತ ಬಿಟ್ಟುಹೋದ ಕಬ್ಬಿಣದ ಅಂಶದ ಗುರುತು ಕೂಡ ಅದರಲ್ಲಿ ಕಾಣಬಹುದು. ಡಿಟಿಐ ಅನ್ನೋ ಎಂಆರ್‌ಐ ವಿಧಾನ ಮಿದುಳಿನ ಒಂದು ಭಾಗವನ್ನ ಇನ್ನೊಂದಕ್ಕೆ ಜೋಡಿಸುವ ನರತಂತುಗಳ ಸ್ಥಿತಿಯನ್ನ ಅಂದಾಜು ಮಾಡುತ್ತೆ. ಫಂಕ್ಷನಲ್ ಎಂಆರ್‌ಐ ಆ ಭಾಗಗಳು ಹೇಗೆ ಒಟ್ಟಿಗೆ ಕೆಲಸ ಮಾಡ್ತಿವೆ ಅಂತ ನೋಡುತ್ತೆ. ಆದರೆ ಈ ಎರಡೂ ಇಲ್ಲಿ ಹೆಚ್ಚಾಗಿ ಸಂಶೋಧನೆಯ ಸಾಧನಗಳು. ಅವನ್ನು ನೋಡಿ "ನಿಮಗೆ ಇಷ್ಟು ಮರೆವು ಬರುತ್ತೆ" ಅಂತ ಒಬ್ಬರಿಗೆ ಹೇಳೋಕಾಗಲ್ಲ. ಒಳಗೆ ಹಾಕಿರುವ ಕ್ಲಿಪ್ ಅಥವಾ ಕಾಯಿಲ್ ಲೋಹದ್ದು, ಅದರ ಸುತ್ತಲಿನ ಚಿತ್ರ ಕೆಡಬಹುದು. ಎಂಆರ್‌ಐಗೆ ಹೋಗುವಾಗ ಆಪರೇಷನ್ ಕಾಗದ ತಪ್ಪದೆ ಒಯ್ಯಿರಿ.

ಚಿತ್ರಕ್ಕೂ ಮನುಷ್ಯನಿಗೂ ತಾಳೆಯಾಗದಿರೋದು ಎರಡೂ ಕಡೆಯಿಂದ ನಡೆಯುತ್ತೆ. 'ಗೇಮ್ ಆಫ್ ಥ್ರೋನ್ಸ್' ನಟಿ ಎಮಿಲಿಯಾ ಕ್ಲಾರ್ಕ್‌ಗೆ 2011ರಲ್ಲಿ, 24ನೇ ವಯಸ್ಸಿನಲ್ಲಿ ಅನ್ಯೂರಿಸಂ ಒಡೆಯಿತು. ಕೆಲವು ದಿನ ತಮ್ಮ ಹೆಸರನ್ನೂ ಹೇಳಲಾಗಲಿಲ್ಲ ಅಂತ 2019ರಲ್ಲಿ ಬರೆದರು. ತಮ್ಮ ಮಿದುಳಿನ ಸಾಕಷ್ಟು ಭಾಗ ಇನ್ನು ಕೆಲಸಕ್ಕೆ ಬರುವಂತಿಲ್ಲ ಅಂತ 2022ರಲ್ಲಿ ಬಿಬಿಸಿಗೆ ಹೇಳಿದರು. ಆದರೂ ಆಕೆ ಮಾತಾಡ್ತಾರೆ, ನಾಟಕದ ಉದ್ದುದ್ದ ಸಂಭಾಷಣೆ ನೆನಪಿಟ್ಟು ರಂಗದ ಮೇಲೆ ನಟಿಸ್ತಾರೆ. ಇನ್ನೊಬ್ಬರ ಸ್ಕ್ಯಾನ್ ಸ್ವಚ್ಛ ಇರಬಹುದು, ಆದರೆ ತಿಂಗಳ ಲೆಕ್ಕ ಬರೆಯೋಕಾಗದೆ ಕೆಲಸ ಕಳೆದುಕೊಳ್ಳಬಹುದು.

ಹಾಗಾದ್ರೆ ಏನು ಮಾಡಬೇಕು? ನೆನಪು, ಗಮನ, ಯೋಜನೆ, ಇವನ್ನು ನೇರವಾಗಿ ಪರೀಕ್ಷಿಸಬೇಕು. ಮೋಕಾ ಅನ್ನೋ 30 ಅಂಕದ ಪರೀಕ್ಷೆಗೆ ಹತ್ತು ಹದಿನೈದು ನಿಮಿಷ ಸಾಕು. ಅದರಲ್ಲಿ ಕೊರತೆ ಕಂಡರೆ, ಅಥವಾ ಅಂಕ ಚೆನ್ನಾಗಿ ಬಂದರೂ ಕಷ್ಟ ಉಳಿದರೆ, ನ್ಯೂರೋಸೈಕಾಲಜಿ ಪರೀಕ್ಷೆ ಕೇಳಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ಪರೀಕ್ಷೆಯೂ ಪುನರ್ವಸತಿಯೂ ಇದೆ. ನಿದ್ದೆ, ಖಿನ್ನತೆ ಬಗ್ಗೆಯೂ ಹೇಳಿ. ಅವೂ ಮರೆವನ್ನ ಹೆಚ್ಚಿಸುತ್ತವೆ, ಅವಕ್ಕೆ ಚಿಕಿತ್ಸೆ ಇದೆ.

ಒಂದು ಎಚ್ಚರಿಕೆ. ನಡಿಗೆ ತಡವರಿಸ್ತಿದೆ, ಮೂತ್ರ ಹಿಡಿತ ತಪ್ಪುತ್ತಿದೆ, ಜೊತೆಗೆ ಮಂಕುತನ ಹೆಚ್ಚುತ್ತಿದೆ ಅಂದ್ರೆ ತಡಮಾಡಬೇಡಿ. ಮಿದುಳಿನಲ್ಲಿ ನೀರು ತುಂಬುತ್ತಿರಬಹುದು. ಅದನ್ನ ಸ್ಕ್ಯಾನ್ ಹಿಡಿಯುತ್ತೆ, ಶಂಟ್ ಹಾಕಿ ಸರಿಪಡಿಸಬಹುದು.

ಕೆಲಸಕ್ಕೆ ಮರಳೋರು ಡಾಕ್ಟರನ್ನ ಕೇಳಿ ಅರ್ಧ ದಿನದಿಂದ ಶುರುಮಾಡಲಿ. ಮನೆಯವರು ಒಂದು ಸಲಕ್ಕೆ ಒಂದೇ ವಿಷಯ ಹೇಳಲಿ. ಗೋಡೆಗೊಂದು ಕ್ಯಾಲೆಂಡರ್, ಜೇಬಿಗೊಂದು ನೋಟ್‌ಬುಕ್ ಇರಲಿ. "ನಾಟಕ ಆಡ್ತಿದಾರೆ" ಅನ್ನೋ ಮಾತನ್ನಂತೂ ಬಿಟ್ಟುಬಿಡಿ. ಯಾಕಂದ್ರೆ ನಾರ್ಮಲ್ ರಿಪೋರ್ಟ್ ಹೇಳೋದು ಇಷ್ಟೇ: ಆ ಯಂತ್ರಕ್ಕೆ ತೊಂದರೆ ಕಾಣಲಿಲ್ಲ. ತೊಂದರೆಯೇ ಇಲ್ಲ ಅಂತ ಅದು ಹೇಳಿಲ್ಲ.